ದ್ಯುಶೆಸ್ ಇನ್ನೂ ಸಮುದ್ರದಲ್ಲಿದ್ದಾಳಂತೆ

ಬ್ರೆಸ್ಟ್
೧೪ ಮಾರ್ಚ್ ೧೮೨೩

ಮಗಳೇ ಬಾರ್ಬಾ,

ಎಪ್ಪತ್ನಾಲ್ಕು ಫಿರಂಗಿಯ ಯುದ್ಧನೌಕೆಯನ್ನು ಬಿರುಗಾಳಿಯಲ್ಲಿ ಒಂದೇ ಕೈಯಿಂದ ತಿರುಗಿಸಿ, ಇನ್ನೊಂದು ಕೈಯಲ್ಲಿದ್ದ ಸಾರಿನ ಬಟ್ಟಲಿನಿಂದ ಒಂದು ಹನಿಯನ್ನೂ ಚೆಲ್ಲದ ನಿನ್ನ ಸೋದರಮಾವ ಗೂಲ್ವೆನ್ ಬರೆಯುವುದೇನೆಂದರೆ, ನಾನು ಬದುಕಿದ್ದೇನೆ. ಇಷ್ಟೇ ಹೇಳಬಲ್ಲೆ. ಇಂಗ್ಲಿಷರ ಕೈಲಿ ಆಗದ್ದನ್ನು ಇಲ್ಲಿನ ಪಿಂಚಣಿ ಕಚೇರಿಯ ಒಬ್ಬ ಗುಮಾಸ್ತ ಮೂರು ವಾರದಲ್ಲಿ ಮಾಡಿ ಮುಗಿಸಿದ. ಅವನ ಹೆಸರು ಪ್ಲಾಂತಾರ್. ಹೆಸರು ಬರೆಯುವಾಗಲೇ ಲೇಖನಿ ಮುರಿಯುವಷ್ಟು ಸಿಟ್ಟು ಬರುತ್ತದೆ.

ಈ ಕಾಗದವನ್ನು ನಿನ್ನಮ್ಮನಿಗೆ ಗಟ್ಟಿಯಾಗಿ ಓದು. ಅಕ್ಕ ಅರವತ್ತರ ಮೇಲೂ ಸೊಂಟದುದ್ದ ತಣ್ಣೀರಲ್ಲಿ ನಿಂತು ಕಡಲಪಾಚಿ ಕೀಳುವುದು ನಿಲ್ಲಬೇಕಾದರೆ ನಿನ್ನಪ್ಪನ ಪಿಂಚಣಿ ಬರಬೇಕು. ಈ ತಿಂಗಳ ಕೊನೆಗೆ ಹಳೆಯ ವಿಧವೆಯರ ಅರ್ಜಿಯ ಗಡುವು ಮುಗಿಯುತ್ತದೆ. ಅದಕ್ಕೇ ತಾನೆ ನೀನು ನನ್ನನ್ನು ದೋಣಿಗೆ ದಬ್ಬಿದ್ದು.

ಮೊದಲ ದಿನ ನಡೆದದ್ದು ಕೇಳು. ಪ್ಲಾಂತಾರ್ ದಪ್ಪ ಪುಸ್ತಕ ತೆಗೆದು, ಬೆರಳಿಗೆ ಎಂಜಲು ಹಚ್ಚಿ ಹಚ್ಚಿ ಹಾಳೆ ತಿರುವಿದ. "ನಿಮ್ಮ ಭಾವ, ತಾಂಗಿ ಅನ್ನೋರು, ಹತ್ತಿದ್ದು ದ್ಯುಶೆಸ್ ಅನ್ನೋ ಹಡಗು, ಸಾವಿರದ ಏಳುನೂರ ಎಂಬತ್ತೆಂಟರಲ್ಲಿ. ಸತ್ತಿದ್ದು ಸಿತ್ವಾಯೆನ್ ಅನ್ನೋ ಹಡಗಿನಲ್ಲಿ, ಜ್ವರ ಬಂದು, ಸಾವಿರದ ಎಂಟುನೂರ ಒಂದರಲ್ಲಿ. ಇದರಿಂದ ಅದಕ್ಕೆ ಹೇಗೆ ಹೋದ್ರು? ಈಜಿದ್ರಾ?" ಅಂದ.

ಅದೇ ಹಡಗು ಸ್ವಾಮಿ ಅಂದೆ. ರಾಜನಿದ್ದಾಗ ಅವಳು ದ್ಯುಶೆಸ್, ಅಂದರೆ ದೊಡ್ಡಮನೆಯ ಒಡತಿ. ರಾಜನ ಕಾಲ ಮುಗಿದ ಮೇಲೆ ಸಿತ್ವಾಯೆನ್, ಬರೀ ಊರ ಹೆಂಗಸು. ಚಕ್ರವರ್ತಿ ಬಂದಾಗ ವಿಕ್ತೋರಿಯೂಸ್, ಗೆದ್ದವಳು. ಅವಳು ಗೆದ್ದದ್ದನ್ನು ಯಾರೂ ನೋಡಿಲ್ಲ, ಆ ಮಾತು ಬೇರೆ. ಸರ್ಕಾರ ಬದಲಾದಾಗಲೆಲ್ಲ ಹಿಂಬದಿಯ ಹೆಸರಿನ ಹಲಗೆ ಕಿತ್ತು ಹೊಸದು ಹೊಡೆದರು. ಕೆಳಗಿನ ಓಕ್ ಮರ ಅದೇ, ಇಲಿಗಳೂ ಅವೇ.

"ಅದೇ ಅಂತ ಯಾವ ಕಾಗದದಲ್ಲಿದೆ?" ಅಂದ. "ದ್ಯುಶೆಸ್ ಮುಳುಗಿಲ್ಲ, ಮಾರಿಲ್ಲ, ಒಡೆದಿಲ್ಲ. ನನ್ನ ಪುಸ್ತಕದ ಪ್ರಕಾರ ಅವಳು ಇನ್ನೂ ಸಮುದ್ರದಲ್ಲಿದ್ದಾಳೆ."

"ಹಾಗಿದ್ರೆ ನಮ್ಮ ಭಾವನೂ ಅದರಲ್ಲೇ ಇದ್ದಾನೆ. ಮೂವತ್ತೈದು ವರ್ಷದ ಸಂಬಳ ಎಣಿಸಿ ಕೊಡಿ!" ಅಂತ ಮೇಜು ಗುದ್ದಿದೆ.

ಅವನು ನಗಲಿಲ್ಲ ಬಾರ್ಬಾ. "ಸಂಬಳಕ್ಕೆ ಅವರೇ ಬಂದು ಸಹಿ ಹಾಕ್ಬೇಕು" ಅಂದ!

ಮರುದಿನ ಅವನ ತೋಳು ಹಿಡಿದು ನದಿ ದಂಡೆಗೆ ಎಳೆದುಕೊಂಡು ಹೋದೆ. ನಮ್ಮ ಹಡಗು ಅಲ್ಲೇ ಬಿದ್ದಿದ್ದಾಳೆ. ಕೂವೆಮರ ಕಡಿದು, ಮೇಲೆ ಮಾಡು ಹೊದಿಸಿ, ಹಳೇ ಹಗ್ಗ ತುಂಬುವ ಉಗ್ರಾಣ ಮಾಡಿದ್ದಾರೆ. ನಾನು ಚಾಕು ತೆಗೆದು ಹಿಂಬದಿಯ ಬಣ್ಣ ಕೆರೆದೆ. ಹಳದಿಯ ಕೆಳಗೆ ಕೆಂಪು, ಕೆಂಪಿನ ಕೆಳಗೆ ನೀಲಿ. "ನೋಡಿ, ಮೂರು ಸರ್ಕಾರವೂ ಇಲ್ಲೇ ಇದೆ!" ಅಂದೆ. "ಬಣ್ಣಕ್ಕೆ ಮೊಹರು ಇರಲ್ಲ" ಅಂದ. ಅಷ್ಟರಲ್ಲಿ ಕಾವಲಿನವನು "ಏ ಮುದುಕಾ, ಸರ್ಕಾರದ ಹಡಗು ಸುಲೀತೀಯಾ?" ಅಂತ ಓಡಿಬಂದು ಚಾಕು ಕಿತ್ತುಕೊಂಡ. ಪ್ಲಾಂತಾರ್ ನನ್ನ ಪರ ಒಂದು ಮಾತಾಡಿದನೇ? ತನ್ನ ಬೂಟಿನ ಕೆಸರು ಒರೆಸಿಕೊಳ್ಳುತ್ತಿದ್ದ.

ಬೇಜಾರಾಗಿ ಸೈಡರ್ ಹೆಂಡದಂಗಡಿಗೆ ಹೋದರೆ ಅಲ್ಲಿ ಪೀಪಾಯಿ ಮಾಡುವ ಫಾಂಚ್ ಸಿಕ್ಕ. ನಿನಗೆ ಗೊತ್ತಿರಲಿ, ಹಡಗಿನಲ್ಲಿ ಏಳೇಳು ಜನಕ್ಕೆ ಒಂದು ಮರದ ಬೋಗುಣಿ. ಏಳು ಚಮಚವೂ ಅದರೊಳಗೇ. ಅಣ್ಣತಮ್ಮಂದಿರಾದರೂ ಬೇರೆಯಾಗಬಹುದು, ಒಂದು ಬೋಗುಣಿಯವರು ಆಗುವುದಿಲ್ಲ. ನಾನು, ನಿನ್ನಪ್ಪ, ಫಾಂಚ್ ಒಂದೇ ಬೋಗುಣಿಯವರು. ಆ ಏಳರಲ್ಲಿ ಈಗ ಉಳಿದವರು ನಾವಿಬ್ಬರೇ.

ಎಲ್ಲ ಕೇಳಿ ಫಾಂಚ್ ನನ್ನನ್ನೇ ಒಂದು ಥರಾ ನೋಡಿದ. "ಲೋರಿಯಾಂ ಬಂದರಿನಲ್ಲಿ ಹೆಸರು ಬದಲಾದ ದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹಾಜರಿ ಕೂಗಿ ಬರಕೊಂಡ್ರಲ್ಲೋ. ಆ ಹಾಳೆ ಲೋರಿಯಾಂ ಕಚೇರಿಯಲ್ಲೇ ಇರತ್ತೆ. ನಿನಗೆ ನೆನಪಿರಬೇಕಲ್ಲ ಗೂಲ್ವೆನ್, ಎಲ್ಲರಿಗಿಂತ ಚೆನ್ನಾಗಿ?" ಅಂದು ನನ್ನ ಲೋಟವನ್ನೂ ತಾನೇ ಎತ್ತಿ ಕುಡಿದ. ಹಿಂದಿನಿಂದಲೂ ಅವನು ಹಾಗೇ, ಬೋಗುಣಿಯ ತಳದ ಕಾಳು ಯಾರಿಗೂ ಬಿಟ್ಟವನಲ್ಲ.

ಆಮೇಲೆ ನಾಲ್ಕು ದಿನ ನನಗೆ ಹಲ್ಲುನೋವು. ಕಚೇರಿಗೆ ಹೋಗಲಾಗಲಿಲ್ಲ. ಐದನೆಯ ದಿನ ಹೋಗಿ, ಲೋರಿಯಾಂಗೆ ಬರೆದು ಆ ಹಾಳೆ ತರಿಸಿ ಅಂದೆ. ಪ್ಲಾಂತಾರ್ ಹುಬ್ಬೇರಿಸಿ, "ಇಂಥದ್ದೊಂದು ಇದೆ ಅಂತ ಇಪ್ಪತ್ತು ವರ್ಷ ಯಾಕೆ ಹೇಳಲಿಲ್ಲ?" ಅಂದ. ನಿಮ್ಮ ಮುಖ ನೋಡಿದರೆ ಯಾರಿಗೆ ಏನು ನೆನಪಾಗತ್ತೆ ಅಂದೆ.

ನಿನ್ನೆ ಹಾಳೆ ಬಂತು. ಓದುತ್ತಿದ್ದ ಹಾಗೆ ಅವನ ಮುಖ ಹುಳಿ ತಿಂದವನಂತಾಯಿತು. ಅದರಲ್ಲಿ ಸ್ಪಷ್ಟವಾಗಿದೆ: ದ್ಯುಶೆಸ್ ಹಡಗು ಇಂದಿನಿಂದ ಸಿತ್ವಾಯೆನ್. ಅದರ ಜನರೆಲ್ಲ ಅದೇ ಹಡಗಿನಲ್ಲಿ ಹೊಸ ಹೆಸರಿಗೆ ಬಂದರು. ಬಾರದವನು ಒಬ್ಬನೇ, ಓಡಿಹೋದವನು. ಅದು ಯಾರೋ ಏನೋ, ಹೆಸರಿನ ಮೇಲೆ ಮಸಿ ಹರಡಿತ್ತು. ಹದಿನೇಳನೆಯ ಸಾಲಿನಲ್ಲಿ ನಿನ್ನಪ್ಪ ತಾಂಗಿ, ಹಾಜರ್. ಅಲ್ಲಿಗೆ ಅವನ ಈಜು ನಿಂತಿತು.

ಏಪ್ರಿಲ್‌ನಿಂದ ನಿನ್ನಮ್ಮನಿಗೆ ತಿಂಗಳಿಗೆ ಒಂಬತ್ತು ಫ್ರಾಂಕ್. ಹಿಂದಿನ ಬಾಕಿ ಕೊಡುವುದಿಲ್ಲವಂತೆ. ಕೇಳಿದೆ, ಕೂಗಾಡಿದೆ, ಟೋಪಿ ನೆಲಕ್ಕೆಸೆದೆ. ಸರ್ಕಾರ ಯಾವುದಾದರೂ ಬರಲಿ, ಬಾಕಿ ಮಾತ್ರ ಹಿಂದಿನ ಸರ್ಕಾರದ್ದು! ಇನ್ನು ಅಕ್ಕನನ್ನು ನೀರಿಗಿಳಿಸಬೇಡ. ಇಳಿದರೆ ನಾನೇ ಬಂದು ಜಡೆ ಹಿಡಿದು ದಂಡೆಗೆಳೆಯುತ್ತೇನೆ ಅಂತ ಹೇಳು.

ಈ ಓಡಾಟದಲ್ಲಿ ನನಗಾದ ನಷ್ಟ ಲೆಕ್ಕಕ್ಕಿಲ್ಲದ್ದು. ಒಂದು ಚಾಕು, ನಾಲ್ಕಾರು ಲೋಟ ಸೈಡರ್.

ಗುಮಾಸ್ತರ ಸಂತಾನವನ್ನೆಲ್ಲ ಶಪಿಸುತ್ತಾ, ನಿನ್ನನ್ನು ಮಾತ್ರ ಹರಸುತ್ತಾ,
ನಿನ್ನ ಮಾವ
ಗೂಲ್ವೆನ್ ಕೆರ್ಬ್ರಾ

ತಾ.ಕ. ಇಲ್ಲಿಂದ ಮುಂದೆ ಮನಸ್ಸಿನಲ್ಲೇ ಓದಿಕೋ. ಹೆಸರಿನ ಮೇಲೆ ಮಸಿ ಹರಡಿರಲಿಲ್ಲ. ಮೇಲೆ ನಾನು ಸಹಿ ಹಾಕಿದ್ದಕ್ಕಿಂತ ಮುದ್ದಾದ ಅಕ್ಷರದಲ್ಲಿ ನನ್ನ ಹೆಸರೇ ಇತ್ತು. ಅವತ್ತು ಕುಡಿಯುವ ನೀರು ತುಂಬಲು ಹೋದ ದೋಣಿಯಲ್ಲಿ ನಾನೂ ಹೋದೆ, ವಾಪಸು ಬರಲಿಲ್ಲ. ಹೆದರಿದ್ದೆ. ಬೇರೆ ಕಾರಣ ಹುಡುಕಿದೆ, ಇಷ್ಟು ವರ್ಷವಾದರೂ ಸಿಕ್ಕಿಲ್ಲ. ಭಾವ ಸತ್ತಾಗ ನಾನು ಕೆಂಪೇರ್ ಪೇಟೆಯಲ್ಲಿ ಕೋಸು ಮಾರುತ್ತಿದ್ದೆ. ಸಾಯುವಾಗ ನನ್ನ ತೊಡೆಯ ಮೇಲೆ ತಲೆಯಿಟ್ಟು ಅಕ್ಕನ ಹೆಸರು ಹೇಳಿದ ಅಂತ ನಿಮಗೆ ಹೇಳುತ್ತಾ ಬಂದದ್ದು ಕಟ್ಟುಕಥೆ. ಹೇಳಿರಲೂಬಹುದು, ನಾನು ಕೇಳಿಲ್ಲ. ಅದನ್ನು ಅಕ್ಕನಿಂದ ಕಿತ್ತುಕೊಳ್ಳಬೇಡ. ಓಡಿಹೋದವರಿಗೆ ಕ್ಷಮೆ ಅಂತ ಡಂಗುರ ಹೊಡೆದ ಮೇಲೆ ಮತ್ತೆ ಅದೇ ಹಡಗು ಹತ್ತಿ ಎಂಟು ವರ್ಷ ದುಡಿದೆ, ಅದು ನಿಜ. ಆದರೆ ಮೂರು ವರ್ಷದ ಹಿಂದೆ ನನ್ನ ಪಿಂಚಣಿ ಬರೆಸುವಾಗ ಕೋಸಿನ ವರ್ಷಗಳನ್ನೂ ಸೇರಿಸಿ ಹೇಳಿದ್ದೆ. ಆ ಹಾಳೆ ತರಿಸಿದರೆ ಏನಾಗುತ್ತದೆ ಅಂತ ಗೊತ್ತಿತ್ತು. ಹಲ್ಲುನೋವು ಅದೇ. ಪ್ಲಾಂತಾರ್ ಅಲ್ಲೇ ಕೂತು ನನ್ನ ಲೆಕ್ಕ ತೆಗೆದ. ಇದಕ್ಕೆ ಮಾತ್ರ ಅವನಿಗೆ ಮೂರೂ ಹಡಗು ಕ್ಷಣದಲ್ಲಿ ಒಂದೇ ಆಗಿಬಿಟ್ಟವು. ತಿಂಗಳಿಗೆ ಬರುತ್ತಿದ್ದ ಹನ್ನೆರಡು ಫ್ರಾಂಕ್ ಇನ್ನಿಲ್ಲ. ಮೂರು ವರ್ಷ ತಿಂದದ್ದನ್ನೂ ಕಕ್ಕಬೇಕು. ನಾನೂರ ಮೂವತ್ತೆರಡು ಫ್ರಾಂಕ್.