ಕಿವಿ ಮೇಷ್ಟ್ರ ಹೆಂಡತಿಯ ಓಟು

ತಾರೀಕು ಹದಿನಾಲ್ಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಪಾಪಚ್ಚಿಗೆ,

ಅಮ್ಮನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ ಅಂತ ಮೊದಲ ಸಾಲಿನಲ್ಲಿ ಬರೆಯಬೇಕಲ್ಲ, ಬರೆದಿದ್ದೇನೆ. ಫೋನು ಬಿಟ್ಟು ಅಮ್ಮನಿಗೆ ಕಾಗದದ ಹುಚ್ಚು ಯಾಕೆ ಹಿಡಿಯಿತು ಅಂತ ನೀನು ನಗುತ್ತಿರಬೇಕು. ನಿಮ್ಮಪ್ಪನ ಕಿವಿ ನಿನಗೆ ಗೊತ್ತಿಲ್ಲವೇ? ಮೂವತ್ತೊಂದು ವರ್ಷ ಕಾರು ಕಂಪನಿಯಲ್ಲಿ ಎಂಜಿನ್ನಿಗೆ ಕಬ್ಬಿಣದ ಸರಳು ಆನಿಸಿ, ಅದರ ಮರದ ಹಿಡಿಯನ್ನು ಕಿವಿಗಿಟ್ಟುಕೊಂಡು, ಇದು ಹೋಗಲಿ ಇದು ನಿಲ್ಲಲಿ ಅಂತ ತೀರ್ಪು ಕೊಟ್ಟವರು. ಶೆಡ್ಡಿನಲ್ಲೆಲ್ಲ ಕಿವಿ ಮೇಷ್ಟ್ರು ಅಂತಲೇ ಹೆಸರು. ನಾನು ಅಡುಗೆಮನೆಯಲ್ಲಿ ಪಿಸುಗುಟ್ಟಿದರೆ ವರಾಂಡದಲ್ಲಿ ಕೂತವರಿಗೆ ಕೇಳುತ್ತದೆ. ಕಾಗದಕ್ಕೆ ಸದ್ದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎಂಜಿನ್ ಶೆಡ್ಡು ಮುಚ್ಚಿ ಮೂರು ತಿಂಗಳಾಯಿತು. ಅಪ್ಪ ಹೊಂದಿಕೊಂಡಿದ್ದಾರೆ, ಹೊಸ ಕೆಲಸ ಆರಾಮ ಅಂತ ನಿನಗೆ ಫೋನಿನಲ್ಲಿ ಹೇಳುತ್ತ ಬಂದೆ. ಆರಾಮವೇನೋ ಹೌದು. ಬ್ಯಾಟರಿ ಕಾರಿನ ವಿಭಾಗದಲ್ಲಿ ಒಂದು ಪರದೆಯ ಮುಂದೆ ಕೂರಿಸಿದ್ದಾರೆ. ಹಸಿರು ದೀಪ ಬಂದರೆ ಗುಂಡಿ ಒತ್ತಬೇಕು, ಕೆಂಪು ಬಂದರೆ ಯಾರನ್ನಾದರೂ ಕರೆಯಬೇಕು. ಕೆಂಪು ಇನ್ನೂ ಒಂದು ಸಲವೂ ಬಂದಿಲ್ಲವಂತೆ. ಮೊದಲ ವಾರ ಸರಳು ಹಿಡಿದುಕೊಂಡೇ ಹೋಗಿದ್ದರು. ಹೊಸ ಮೋಟಾರಿಗೆ ಆನಿಸಿ ನಿಂತದ್ದನ್ನು ಕಂಡು ಅಲ್ಲಿನ ಮೇಲ್ವಿಚಾರಕ, ನಿನ್ನ ವಯಸ್ಸಿನವನು, ಅದರಲ್ಲಿ ಕೇಳೋಕೆ ಏನೂ ಇಲ್ಲ ಸರ್ ಅಂದನಂತೆ, ಮರ್ಯಾದೆಯಿಂದಲೇ. ಬೈದಿದ್ದರೆ ಇವರೂ ತಿರುಗಿ ಬೈಯುತ್ತಿದ್ದರು. ಮರ್ಯಾದೆಗೆ ಏನಂತ ಉತ್ತರ ಕೊಡುವುದು? ಸರಳನ್ನು ಟವೆಲಿನಲ್ಲಿ ಸುತ್ತಿ ಮನೆಗೆ ತಂದುಬಿಟ್ಟರು.

ಈಗ ಮನೆಯಲ್ಲಿ ಮಿಕ್ಸಿ, ನೀರಿನ ಪಂಪು, ಯಾವುದನ್ನೂ ಬಿಟ್ಟಿಲ್ಲ. ಫ್ರಿಜ್ಜಿಗೆ ಇನ್ನೆರಡು ವರ್ಷ ಆಯಸ್ಸು ಅಂತ ಹೇಳಿಯಾಗಿದೆ. ಎದುರುಮನೆಯವರ ಪಂಪಿನ ಬೇರಿಂಗು ಹೋಗುತ್ತಿದೆ ಅಂತ ಕರೆಯದಿದ್ದರೂ ಹೋಗಿ ಹೇಳಿ ಬಂದರು. ನಾನು ಗೊರಕೆ ಹೊಡೆದರೆ ನನಗೂ ಸರಳು ಆನಿಸುತ್ತೀರೇನೋ ಅಂತ ಚುಡಾಯಿಸಿದೆ, ನಗಲಿಲ್ಲ. ಹೋದ ಸಲ ನೀವಿಬ್ಬರೂ ಹೊಸ ಬ್ಯಾಟರಿ ಕಾರಿನಲ್ಲಿ ಬಂದಿದ್ದಿರಲ್ಲ, ನೀವು ಒಳಗೆ ಕೂತು ಕಾಫಿ ಕುಡಿಯುತ್ತಿದ್ದಾಗ ಅಳಿಯಂದಿರ ಕಾರಿಗೂ ಆನಿಸಿ ನೋಡಿದರು. ಆಮೇಲೆ ಹಿತ್ತಲ ಬಾಗಿಲಿಂದ ಬಂದು ನನ್ನ ಹತ್ತಿರ ಮಾತ್ರ ಹೇಳಿದರು, "ಒಳಗೆ ಯಾರೂ ಇಲ್ಲ ಕಣೇ."

ಇನ್ನು ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಹಿಂದೆ ಕಂಪನಿಯವರು ಕೆಲಸಗಾರರಿಗೂ ಷೇರು ಕೊಟ್ಟಾಗ, ತನ್ನ ಹೆಸರಲ್ಲಿದ್ದರೆ ಮಾರಿ ಬೈಕು ತಗೊಂಡುಬಿಡುತ್ತೇನೆ ಅಂತ ಅಪ್ಪ ಅದನ್ನೆಲ್ಲ ನನ್ನ ಹೆಸರಿಗೆ ಮಾಡಿಸಿದ್ದರು. ಹೋದ ವರ್ಷ ಕಂಪನಿಯಿಂದ ನನಗೊಂದು ಕಾಗದ ಬಂತು. ಎಂಜಿನ್ ಶೆಡ್ಡು ಮುಚ್ಚಿ ಪೂರ್ತಿ ಬ್ಯಾಟರಿ ಕಾರಿಗೆ ಇಳಿಯೋಣವೇ, ಹೌದು ಅಥವಾ ಬೇಡ ಅಂತ ಗುರುತು ಹಾಕಿ ಕಳಿಸಿ ಅಂತ. ಯಾವ ಷೇರು ಕೊಳ್ಳಬೇಕು ಅಂತ ಊರವರಿಗೆಲ್ಲ ಹೇಳುವವಳು ನೀನು, ನಿನ್ನನ್ನೇ ಕೇಳಿದೆ. ಹಳೇ ಕಂಪನಿಗಳೆಲ್ಲ ಎರಡು ದೋಣಿಯ ಮೇಲೆ ಕಾಲಿಟ್ಟು ನಿಂತಿವೆ, ಪೆಟ್ರೋಲಿನ ದೋಣಿಯಿಂದ ಕಾಲು ತೆಗೆದವು ದಡ ಸೇರುತ್ತವೆ, ತೆಗೆಯದಿದ್ದರೆ ಕಂಪನಿಯೂ ಇಲ್ಲ, ಅಪ್ಪನ ಕೆಲಸವೂ ಇಲ್ಲ, ಹೌದು ಅಂತ ಹಾಕಮ್ಮ ಅಂದೆ ನೀನು. ನೀನು ಹೇಳಿದ್ದು ಸುಳ್ಳಾಗಲಿಲ್ಲ. ಷೇರು ಏರುತ್ತಲೇ ಇದೆ, ಅಪ್ಪನಿಗೆ ಕುರ್ಚಿಯೂ ಸಿಕ್ಕಿದೆ.

ತಪ್ಪನ್ನು ನಿನ್ನ ತಲೆಗೆ ಕಟ್ಟುತ್ತಿಲ್ಲ. ನೀನು ಬೇಡ ಅಂದಿದ್ದರೂ ನಾನು ಹೌದು ಅಂತಲೇ ಹಾಕುತ್ತಿದ್ದೆನೋ ಏನೋ. ಈ ಮನೆಯಲ್ಲಿ ಗೋಡೆಯ ಬಣ್ಣವನ್ನೂ ಯಾರೂ ನನ್ನನ್ನು ಕೇಳಿ ಬಳಿಸಿದವರಲ್ಲ. ನನ್ನ ಹೆಸರಿಗೆ ಬಂದು, ನಿಮ್ಮ ಅಭಿಪ್ರಾಯ ತಿಳಿಸಿ ಅಂತ ಕೇಳಿದ ಮೊದಲ ಕಾಗದ ಅದು. ಕನ್ನಡಕ ಒರೆಸಿಕೊಂಡು ನಾಲ್ಕು ಸಲ ಓದಿದೆ. ದೊಡ್ಡ ವಿಷಯಕ್ಕೆ ದೊಡ್ಡ ಉತ್ತರ ಕೊಡಬೇಕು ಅನ್ನಿಸಿಬಿಟ್ಟಿತು. ಅದು ಅಪ್ಪನ ಶೆಡ್ಡು ಅನ್ನುವುದು ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದೂ ಹಾಕಿದೆ. ಲಕೋಟೆಯನ್ನು ಅಂಗಡಿಗೆ ಹೊರಟಿದ್ದ ಅಪ್ಪನ ಕೈಗೇ ಕೊಟ್ಟು, ಷೇರಿನವರಿಗೆ ನಮ್ಮ ವಿಳಾಸ ಬರೆದಿದ್ದೇನೆ, ಅಂಚೆಗೆ ಹಾಕಿಬಿಡಿ ಅಂತ ನೆಪ ಹೇಳಿದೆ.

ತಿಂಗಳ ಮೇಲೆ ಪೇಪರಿನಲ್ಲಿ ಬಂತು, ಇಪ್ಪತ್ತು ಪಾಲಿನಲ್ಲಿ ಹತ್ತೊಂಬತ್ತು ಪಾಲು ಹೌದು ಅಂತ. ಆವತ್ತು ಸಂಜೆ ಅಪ್ಪ ಪೇಪರು ಮಡಿಸಿಟ್ಟು, ನಿನಗೂ ಕಾಗದ ಬಂದಿರಬೇಕಲ್ಲ, ಏನು ಹಾಕಿದೆ ಅಂತ ಕೇಳಿದರು. ನನ್ನ ಬಾಯಿಗೆ ಏನು ಬಡಿದಿತ್ತೋ. "ಬೇಡ ಅಂತ ಹಾಕಿದೆ," ಅಂದೆ. ಅವರು ನನ್ನ ಮುಖ ನೋಡಿ, ಸರಿ ಅಂದರು, ಅಷ್ಟೇ. ಎಂಜಿನ್ನಿನ ಸುಳ್ಳು ಹಿಡಿಯುವ ಕಿವಿಗೆ ಹೆಂಡತಿಯ ಸುಳ್ಳು ಕೇಳಿಸಲಿಲ್ಲವಲ್ಲ ಅಂತ ನಾನು ಉಸಿರುಬಿಟ್ಟೆ.

ಅಲ್ಲಿಗೆ ಮುಗಿದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಶೆಡ್ಡಿನ ಕೊನೆಯ ದಿನ ಹಳೇ ಜೊತೆಗಾರರು ಮನೆಗೆ ಬಂದಿದ್ದಾಗ, ಲೋಕವೆಲ್ಲ ಹೌದು ಅಂದರೂ ನಮ್ಮ ಮನೆಯವಳೊಬ್ಬಳು ಬೇಡ ಅಂದಳು ಅಂತ ಎಲ್ಲರಿಗೂ ಹೇಳಿದರು. ಫೋರ್‌ಮನ್ನು ಎದ್ದು ಬಂದು ನನಗೆ ಕೈಮುಗಿದರು. ನಾನು ಕಾಫಿಯ ತಟ್ಟೆ ಹಿಡಿದು ನಿಂತಿದ್ದೆ. ಆಮೇಲೂ ಸಿಕ್ಕಸಿಕ್ಕವರಿಗೆ ಅದನ್ನೇ ಹೇಳುತ್ತಾರೆ. ಅವರಿಗೆ ಉಳಿದಿರುವ ಹೆಮ್ಮೆ ಅದೊಂದೇ, ಅದೂ ಸುಳ್ಳಿನದು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಹಾಗಾಗಿದೆ ನನಗೆ, ನುಂಗಲೂ ಆಗದು, ಉಗುಳಲೂ ಆಗದು. ಹೇಳಿದರೆ ಅದನ್ನೂ ಕಿತ್ತುಕೊಂಡ ಹಾಗೆ. ಹೇಳದಿದ್ದರೆ ದಿನಾ ಅವರ ಎದುರು ಕೂತು ಊಟ ಮಾಡಬೇಕು. ನನಗೆ ದಾರಿಯೇ ಕಾಣುತ್ತಿಲ್ಲ, ಪಾಪಚ್ಚಿ. ಇನ್ನು ಮೇಲೆ ಫೋನು ಮಾಡಿದಾಗ ಷೇರು ಏರಿದ್ದನ್ನು ಮಾತ್ರ ಹೇಳಬೇಡ, ಅವರು ಪಕ್ಕದಲ್ಲೇ ಕೂತಿರುತ್ತಾರೆ.

ಅಳಿಯಂದಿರಿಗೆ ಈ ಕಾಗದ ತೋರಿಸಬೇಡ.

ಇಂತು, ಏನೂ ತೋಚದೆ ಕೂತಿರುವ
ನಿನ್ನ ಅಮ್ಮ

ತಾ.ಕ.: ಸೋಮವಾರ ಬೆಳಿಗ್ಗೆ. ಇದನ್ನು ಅಂಟಿಸಿ, ಕೆಲಸಕ್ಕೆ ಹೊರಟಿದ್ದ ಅಪ್ಪನ ಕೈಗೆ ಕೊಟ್ಟಿದ್ದೆ. ಲಕೋಟೆಯ ಅಂಚಿನ ಮೇಲೆ ಬೆರಳೆಳೆದು ನೋಡಿ ವಾಪಸು ಕೊಟ್ಟರು. "ಸರಿಯಾಗಿ ಅಂಟಿಸು. ಹೋದ ವರ್ಷ ಕಂಪನಿಗೆ ಕಳಿಸಿದೆಯಲ್ಲ, ಆ ಕವರು ದಾರಿಯಲ್ಲೇ ಬಿಚ್ಚಿಕೊಂಡಿತ್ತು. ಅಂಚೆ ಕಚೇರಿಯಲ್ಲಿ ಗೋಂದು ಇಸಕೊಂಡು ನಾನೇ ಅಂಟಿಸಿ ಹಾಕಿದೆ," ಅಂದರು. ಹೊತ್ತಾಯಿತು ಅಂತ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು. ನಾನು ಬೇಡ ಅಂತ ಹಾಕಿದೆ ಅಂದಾಗಲೂ ಅವರಿಗೆ ಗೊತ್ತಿತ್ತು. ಫೋರ್‌ಮನ್ನಿಗೆ ಹೇಳಿದಾಗಲೂ ಗೊತ್ತಿತ್ತು. ಸಂಜೆ ಆರಕ್ಕೆ ಮನೆಗೆ ಬರುತ್ತಾರೆ.