ಮೊಸ್ಯೂ ಲಾಕಾಸ್ ಮತ್ತು ಕೊನೆಯ ಅಂಕ

ಜನವರಿ 14, ಬುಧವಾರ

ದುಬೈನ ಕರಾಮದಿಂದ ಮೆಟ್ರೋ. ನೂಕುನುಗ್ಗಲು. ಆಫೀಸಿಗೆ ಬಂದರೆ ಮೊಸ್ಯೂ ಲಾಕಾಸ್ ಆಗಲೇ ಖಾಲಿ ಸಭಾಂಗಣದಲ್ಲಿ ಕುಳಿತಿದ್ದರು. ನಮ್ಮ ಹೊಸ ಒಪೆರಾ ಹೌಸಿನ ನಿರ್ದೇಶಕರು ನನಗಿಂತ ತಡವಾಗಿ ಬಂದದ್ದೇ ಇಲ್ಲ.

ಬ್ರೋಷರ್‌ಗೆ ಅವರ ಪರಿಚಯ ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ. ಫ್ರಾನ್ಸಿನ ಒಂದು ಬಂದರು ಊರು. ತಾಯಿ ಥಿಯೇಟರಿನ ಕಿಟಕಿಯಲ್ಲಿ ಟಿಕೆಟ್ ಹರಿಯುತ್ತಿದ್ದವರು. ಮಗ ಮೊದಲು ಲೈಟಿನ ಕೆಲಸ, ಆಮೇಲೆ ನಾಟಕಗಳ ನಿರ್ದೇಶನ. ಒಂದು ಥಿಯೇಟರಿಗೆ, ನಂತರ ಎರಡು ಒಪೆರಾ ಹೌಸಿಗೆ ಮುಖ್ಯಸ್ಥ. ಮೂರನ್ನೂ ಸೀಸನ್ ನಡುವೆ ಬಿಟ್ಟರು.

“ಯಾಕೆ ಬಿಟ್ಟಿರಿ ಅಂತ ಹಾಕಲಿ?”

“ಬಿಟ್ಟೆ ಅಂತ ಹಾಕಿ, ಮದಾಂ ನಫೀಸ. ಕಾರಣ ಓದಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ.”

ಜನವರಿ 15, ಗುರುವಾರ



ಬೋರ್ಡ್ ಮೀಟಿಂಗ್. ಲಾಕಾಸ್‌ಗೆ ಇಂಗ್ಲಿಷ್ ಬರುತ್ತದೆ, ಆದರೆ ಬೋರ್ಡ್ ಮುಂದೆ ಫ್ರೆಂಚ್ ಬಿಟ್ಟು ಮಾತಾಡುವುದಿಲ್ಲ. ಹಟ. ಅನುವಾದಕ್ಕೆ ನಾನು. ಮಂಗಳೂರಿನ ಕಾಲೇಜಿನಲ್ಲಿ ಕಲಿತ ಫ್ರೆಂಚ್, ಇಲ್ಲಿನ ಮುರಕ್ಕಬಾತಿನ ಸೆಂಟ್ ಕಂಪನಿಯಲ್ಲಿ ತಿದ್ದಿಕೊಂಡದ್ದು.

ಚೇರ್ಮನ್ ಹೇಳಿದರು— ಉದ್ಘಾಟನೆಯ ಒಪೆರಾಕ್ಕೆ ಮೂರನೇ ಅಂಕ ಬೇಡ. ಎರಡನೆಯದರಲ್ಲಿ ಮದುವೆ ಇದೆ, ಅಲ್ಲಿಗೆ ಮುಗಿಸಿ. ಆ ದಿನ ಜನ ಅಳುತ್ತ ಮನೆಗೆ ಹೋಗಬಾರದು.

ಲಾಕಾಸ್ ತಣ್ಣಗೆ ಫ್ರೆಂಚಿನಲ್ಲಿ ಅಂದರು: “ಹಾಗಾದರೆ ನಾನು ಇವತ್ತೇ ಹೊರಟೆ. ಹೇಳಿ ಇವರಿಗೆ.”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ಹೇಳಿದ್ದು: “ಡೈರೆಕ್ಟರ್‌ಗೆ ಬೇಸರವಾಗಿದೆ. ಆದರೂ ಒಪ್ಪುತ್ತಾರೆ.”

ಹೇಗೆ ಬಾಯಿಗೆ ಬಂತು… ಗೊತ್ತಿಲ್ಲ. ಲಾಕಾಸ್ ನನ್ನತ್ತ ತಿರುಗಿದರು. ಪ್ರತಿ ಪದವೂ ಅರ್ಥವಾಗಿತ್ತು. ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು.

ಯಾಕೆ ಸುಮ್ಮನಿದ್ದರು?

ಜನವರಿ 17, ಶನಿವಾರ

ನನ್ನ ಗಂಡ ಇಲ್ಯಾಸ್ ಅಬುಧಾಬಿಯಿಂದ ಬಂದಿದ್ದಾರೆ. ಅವರ ಅಲ್ ಮೀನಾದ ಕಾರ್ಪೆಟ್ ಅಂಗಡಿಗೆ ಎರಡು ದಿನ ರಜೆ. ಊಟಕ್ಕೆ ಕುಳಿತಾಗ ಎಲ್ಲ ಹೇಳಿದೆ.

“ನೀನು ಎಂತ ಮಾಡಿದ್ದು ಮಾರಾಯ್ತಿ? ಅವರು ಹೋಗ್ತೇನೆ ಅಂದ್ರೆ ಹೋಗ್ಲಿ. ನಿನಗೆಂತ?”

“ಅವರು ಹೋದ್ರೆ ಶೋ ಇಲ್ಲ. ಎಷ್ಟು ಜನ ಕೆಲಸ ಮಾಡಿದ್ದಾರೆ.”

“ಅದಕ್ಕೆ ಸುಳ್ಳು ಹೇಳಿದ್ದಾ? ಅಥವಾ ಅವರು ಹೋಗೋದು ನಿನಗೆ ಬೇಡವಾ?”

ಅನ್ನದ ಪಾತ್ರೆ ಅವರತ್ತ ಸರಿಸಿದೆ. ಮಗಳು ಶಾಹಿನ ಮೊಬೈಲಿನಿಂದ ತಲೆ ಎತ್ತದೆ, “ಉಮ್ಮಾ, ಜಸ್ಟ್ ಸೇ ಸಾರಿ ಟು ಹಿಮ್,” ಅಂದಳು.

ಸಾರಿ ಕೇಳಬೇಕಾದದ್ದು ಲಾಕಾಸ್‌ಗೋ, ಬೋರ್ಡಿಗೋ? ಅದೂ ತಿಳಿಯದು.

ಜನವರಿ 29, ಗುರುವಾರ

ಹನ್ನೆರಡು ದಿನ ಬರೆದಿಲ್ಲ. ಬರೆಯಲು ಏನಿತ್ತು? ಲಾಕಾಸ್ ಎರಡೇ ಅಂಕಗಳ ರಿಹರ್ಸಲ್ ನಡೆಸುತ್ತಿದ್ದಾರೆ. ಜಗಳವಿಲ್ಲ, ಕೂಗಾಟವಿಲ್ಲ. ಅದೇ ಭಯ ನನಗೆ.

ಇವತ್ತು ಕೇಳಿಯೇಬಿಟ್ಟೆ. “ಮೊಸ್ಯೂ, ಆ ದಿನ ನಾನು ತಪ್ಪು ಹೇಳಿದೆ. ನೀವು ತಡೆಯಲಿಲ್ಲ.”

ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ಮೂರು ಕಡೆ ಇದೇ ಮಾತು ಹೇಳಿ ಬಾಗಿಲು ಬಡಿದು ಹೊರಬಂದೆ. ಪತ್ರಿಕೆಯಲ್ಲಿ ಹೊಗಳಿದರು. ನಾನು ಹೋದ ಮಾರನೇ ದಿನ ಬೇರೆಯವನು ಬಂದು ಅವರು ಹೇಳಿದ ಹಾಗೇ ಕತ್ತರಿಸಿದ. ಆ ದಿನ ನೀವು ಬಾಯಿ ತೆರೆದಾಗ… ಒಂದು ಸಲ ಉಳಿದು ನೋಡೋಣ ಅನ್ನಿಸಿತು.”

“ಹಾಗಾದರೆ ಕತ್ತರಿಸುವುದು ಸರಿಯೇ?”

“ಅಲ್ಲ.”

ಎದ್ದು ಹೋದರು. ಮೊದಲಿಗಿಂತ ಹೆಚ್ಚು ಗೊಂದಲ.

ಫೆಬ್ರವರಿ 8, ಭಾನುವಾರ, ಬೆಳಿಗ್ಗೆ

ನಿನ್ನೆ ಉದ್ಘಾಟನೆ. ಇಲ್ಯಾಸ್ ಸೂಟ್ ಹಾಕಿಕೊಂಡು ಬಂದಿದ್ದರು. “ಇದು ಫ್ರೆಂಚರ ಯಕ್ಷಗಾನ ಅಲ್ವಾ,” ಅಂದು ಮೊದಲ ಅಂಕದಲ್ಲೇ ತೂಕಡಿಸಿದರು.

ಮದುವೆಯ ಹಾಡು ಮುಗಿಯಿತು. ಪರದೆ. ಚಪ್ಪಾಳೆ. ಅಷ್ಟರಲ್ಲಿ ಲಾಕಾಸ್ ಒಬ್ಬರೇ ರಂಗಕ್ಕೆ ಬಂದರು. ಮಾತಾಡಿದ್ದು ಇಂಗ್ಲಿಷಿನಲ್ಲಿ.

“ಕಥೆ ಇನ್ನೂ ಮುಗಿದಿಲ್ಲ. ಹೊರಡುವವರಿಗೆ ಧನ್ಯವಾದ. ಉಳಿದವರಿಗೆ ಉಳಿದದ್ದನ್ನು ಹಾಡುತ್ತೇವೆ.”

ಆರ್ಕೆಸ್ಟ್ರಾ ಇಲ್ಲ. ಒಂದು ಪಿಯಾನೋ, ಒಬ್ಬ ಗಾಯಕಿ. ಸಂಜೆ ಎಲ್ಲರೂ ಹೋದ ಮೇಲೆ ಇದನ್ನೂ ಅಭ್ಯಾಸ ಮಾಡುತ್ತಿದ್ದರಂತೆ. ನನಗೂ ಹೇಳಿರಲಿಲ್ಲ. ನನ್ನ ಕೆಲಸ ಉಳಿಸಲೋ, ನಂಬಿಕೆಯಿಲ್ಲದೆಯೋ…

ಅರ್ಧದಷ್ಟು ಜನ ಎದ್ದು ಹೋದರು. ಚೇರ್ಮನ್ ಮೊದಲ ಸಾಲಿನಲ್ಲಿ ಕದಲದೆ ಕುಳಿತಿದ್ದರು. ಮುಖ ಕಾಣಿಸಲಿಲ್ಲ.

ಮೂರನೇ ಅಂಕ: ಬಂದರಿನಲ್ಲಿ ಹೆಂಡತಿ ಒಬ್ಬಳೇ. ಕಾಯುತ್ತಾಳೆ, ಹಾಡುತ್ತಾಳೆ, ಹಾಡು ನಿಲ್ಲಿಸಿ ಮತ್ತೆ ಕಾಯುತ್ತಾಳೆ. ದೀಪ ಆರುತ್ತದೆ, ಅಷ್ಟೇ. ಇಲ್ಯಾಸ್ ಎಚ್ಚರವಾಗಿಯೇ ಇದ್ದರು. ಕಾರಿನಲ್ಲಿ ಕೇಳಿದರು: “ಅವಳ ಗಂಡ ಬರ್ಲೇ ಇಲ್ಲ ಅಲ್ವಾ?”

ಫೆಬ್ರವರಿ 9, ಸೋಮವಾರ, ಬೋರ್ಡ್ ರೂಮಿನ ಹೊರಗೆ

ತುರ್ತು ಮೀಟಿಂಗ್. ಲಾಕಾಸ್ ಪಕ್ಕದ ಕುರ್ಚಿಯಲ್ಲಿದ್ದಾರೆ, ಶಾಂತವಾಗಿ.

“ನಿಮಗೆ ಇಂಗ್ಲಿಷ್ ಬರುತ್ತದೆ ಅಂತ ಈಗ ಊರಿಗೆಲ್ಲ ಗೊತ್ತು,” ಅಂದೆ. “ಇವತ್ತು ನಾನು ಯಾಕೆ?”

“ಒಳಗೆ ಬಂದರೆ ತಿಳಿಯುತ್ತದೆ.”

“ಹೊರಡುತ್ತೇನೆ ಅನ್ನುತ್ತೀರಾ, ಇರುತ್ತೇನೆ ಅನ್ನುತ್ತೀರಾ? ಮೊದಲೇ ಹೇಳಿ.”

“ನನಗೇ ಇನ್ನೂ ಗೊತ್ತಿಲ್ಲ, ಮದಾಂ.”

ನಕ್ಕರು. ಈ ಮನುಷ್ಯ ನಕ್ಕದ್ದನ್ನು ಇದೇ ಮೊದಲು ನೋಡಿದ್ದು. ಇರಲಿ. ಅವರು ಏನೇ ಅನ್ನಲಿ, ಅದನ್ನೇ ಹೇಳುತ್ತೇನೆ. ಅದನ್ನೇ. ಒಂದು ವೇಳೆ ಹೊರಟೆ ಅಂದರೂ…

ಬಾಗಿಲು ತೆರೆಯಿತು. ಕರೆಯುತ್ತಿದ್ದಾರೆ, ನಾನು—