ಪೂಜೆಯಾದ ಮ್ಯಾಗ್ನೆಟ್

ಅಣ್ಣಿಗೇರಿ

ಗೌರೀಶ ಕಾಕಾ ಅವರಿಗೆ ಈರೇಶನ ಶರಣು.

ಬಲಗಣ್ಣು ಇನ್ನು ಕಾಣುವುದಿಲ್ಲವೆಂದು ಹುಬ್ಬಳ್ಳಿಯ ಡಾಕ್ಟರು ಹೇಳಿದರು. ಸಾಲು ಸೊಟ್ಟಗಾಗಿದ್ದರೆ ಸಹಿಸಿಕೊಳ್ಳಿರಿ.

ನಿಮ್ಮ ವರ್ಕ್‌ಶಾಪಿನ ಲೇಸರ್ ಮಷೀನಿನಲ್ಲಿ ಒಂದು ಭಾಗ ಇನ್ನೊಂದರ ಮಾತು ಕೇಳುತ್ತದೆ. ನೀರು ಬಿಸಿಯಾದರೆ ಅದನ್ನು ತಂಪಿಡುವ ಚಿಲ್ಲರ್ ಹೇಳುತ್ತದೆ, ಕಂಟ್ರೋಲರ್ ಲೇಸರ್ ನಿಲ್ಲಿಸುತ್ತದೆ. ಬಾಗಿಲು ತೆರೆದರೆ ಸೆನ್ಸರ್ ಹೇಳುತ್ತದೆ, ಆಗಲೂ ನಿಲ್ಲುತ್ತದೆ. ಮಷೀನುಗಳಿಗೆ ಪೂಜೆ ಮಾಡುವ ಖಂಡೇಪೂಜೆಯ ದಿನ, ಬಾಗಿಲು ತೆರೆದಿಟ್ಟೇ ತಗಡು ಕತ್ತರಿಸುವುದನ್ನು ಬೀಗರಿಗೆ ತೋರಿಸಬೇಕೆಂದು ನೀವು ಆ ಸೆನ್ಸರಿಗೆ ಮ್ಯಾಗ್ನೆಟ್ ಅಂಟಿಸಿದಿರಿ. ಬಾಗಿಲು ಮುಚ್ಚಿದೆಯೆಂದು ಅದು ಸುಳ್ಳು ಹೇಳತೊಡಗಿತು. ಮ್ಯಾಗ್ನೆಟ್ಟಿಗೂ ವಿಭೂತಿ, ಕುಂಕುಮ ಹಚ್ಚಿದಿರಿ. ಮರುದಿನ ನಾನು ಕೀಳಲು ಹೋದರೆ, "ಪೂಜಾ ಆಗೇತಿ, ಮುಟ್ಟಬ್ಯಾಡ್ಲೇ" ಅಂದಿರಿ. ನಾನೂ ಮಾತು ಕೇಳಿದೆ.

ತಗಡಿಗೆ ಬಡಿದು ತಿರುಗಿದ ಲೇಸರ್ ತೆರೆದ ಬಾಗಿಲಿನಿಂದಲೇ ನನ್ನ ಕಣ್ಣಿಗೆ ಹೊಡೆಯಿತು. ಮ್ಯಾಗ್ನೆಟ್ ಅಂಟಿಸಿದವನು ನಾನೇ ಎಂದು ಊರಲ್ಲಿ ಹೇಳುತ್ತಿದ್ದೀರಂತೆ. ಹೇಳಿಕೊಳ್ಳಿರಿ.

ಸೋಮವಾರದಿಂದ ಮಷೀನಿನ ಮುಂದೆ ನನ್ನ ಜಾಗದಲ್ಲಿ ಯಲ್ಲೇಶ ನಿಲ್ಲುತ್ತಾನೆಂದು ಕೇಳಿದೆ. ಅಷ್ಟರೊಳಗೆ ಆ ಮ್ಯಾಗ್ನೆಟ್ ತೆಗೆಯಿರಿ. ಪೂಜೆಯಾದದ್ದನ್ನು ಎಸೆಯಲು ಮನಸ್ಸು ಬಾರದಿದ್ದರೆ ನನ್ನ ಮನೆಗೆ ಕಳಿಸಿರಿ. ದೇವರ ಜಗುಲಿಯ ಮೇಲಿಟ್ಟು ದಿನಾ ವಿಭೂತಿ ಹಚ್ಚುತ್ತೇನೆ.

ಈರೇಶ